ನಲ್ಲಿ ನೀರು ಕೆಟ್ಟರೆ ಯಾರನ್ನು ಕೇಳಬೇಕು?

ಮುಂಗಾರು ಹಿಡಿದ ಕೆಲವೇ ವಾರಗಳಲ್ಲಿ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ತಪ್ಪದೆ ಕಾಣಿಸಿಕೊಳ್ಳುತ್ತದೆ: ‘ಕಲುಷಿತ ನೀರು ಸೇವನೆ, ಹಲವರು ಅಸ್ವಸ್ಥ’. ಊರಿನ ಹೆಸರು ಮಾತ್ರ ಬದಲಾಗುತ್ತಿರುತ್ತದೆ. 2022ರಲ್ಲಿ ರಾಯಚೂರು ನಗರ, 2023ರ ಜೂನ್‌ನಲ್ಲಿ ಕೊಪ್ಪಳ ಜಿಲ್ಲೆಯ ಹಳ್ಳಿಗಳು, ಅದೇ ವರ್ಷ ಆಗಸ್ಟ್ ಹೊತ್ತಿಗೆ ಚಿತ್ರದುರ್ಗದ ಕವಾಡಿಗರಹಟ್ಟಿ. ಮೂರೂ ಕಡೆ ಜನ ಪ್ರಾಣ ಕಳೆದುಕೊಂಡರು. ಇಂಥ ಪ್ರಕರಣಗಳಲ್ಲಿ ಆಮೇಲೆ ನಡೆಯುವುದೂ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ. ಟ್ಯಾಂಕ್ ತೊಳೆಸುತ್ತಾರೆ, ಟ್ಯಾಂಕರ್ ನೀರು ಬರುತ್ತದೆ, ಶಾಲೆಯಲ್ಲೋ ಸಮುದಾಯ ಭವನದಲ್ಲೋ ತಾತ್ಕಾಲಿಕ ಚಿಕಿತ್ಸಾ ಕೇಂದ್ರ ತೆರೆಯುತ್ತಾರೆ, ಕೆಳಹಂತದ ಒಬ್ಬಿಬ್ಬರು ನೌಕರರು ಅಮಾನತಾಗುತ್ತಾರೆ.

ಈ ಗದ್ದಲದಲ್ಲಿ ಜನಸಾಮಾನ್ಯರಿಗೆ ಉತ್ತರ ಸಿಗದೆ ಉಳಿಯುವ ಪ್ರಶ್ನೆ ಒಂದಿದೆ. ನೀರು ಕೆಡದಂತೆ ನೋಡಿಕೊಳ್ಳುವುದು ಯಾರ ಕೆಲಸ? ಪಂಚಾಯಿತಿಯನ್ನು ಕೇಳಿದರೆ ಎಂಜಿನಿಯರ್‌ಗಳತ್ತ ಬೆರಳು ಹೋಗುತ್ತದೆ, ಎಂಜಿನಿಯರ್‌ಗಳು ಆರೋಗ್ಯ ಇಲಾಖೆಯ ಕಡೆ ತೋರಿಸುತ್ತಾರೆ, ಆರೋಗ್ಯ ಇಲಾಖೆ ‘ನಾವು ವರದಿ ಕೊಟ್ಟಿದ್ದೆವು’ ಎನ್ನುತ್ತದೆ. ವಿಚಿತ್ರವೆಂದರೆ ಅವರವರ ಮಟ್ಟಿಗೆ ಮೂವರ ಮಾತೂ ನಿಜವಿರಬಹುದು. ಅದು ಹೇಗೆ ಎಂದು ತಿಳಿಯಲು ಈ ವ್ಯವಸ್ಥೆಯನ್ನು ಬುಡದಿಂದ ನೋಡಬೇಕು.

ಮಾಡುವವರು, ನೋಡುವವರು, ಕೇಳುವವರು

ನೀರು, ಚರಂಡಿ, ಕಸ, ಸೊಳ್ಳೆ, ಹೋಟೆಲಿನ ಶುಚಿತ್ವ ಇವೆಲ್ಲ ಸೇರಿ ಸಾರ್ವಜನಿಕ ಮತ್ತು ಪರಿಸರ ಆರೋಗ್ಯ ಎನಿಸಿಕೊಳ್ಳುತ್ತವೆ. ಆಸ್ಪತ್ರೆ ಕಾಯಿಲೆ ಬಿದ್ದವರನ್ನು ನೋಡಿಕೊಳ್ಳುತ್ತದೆ. ಈ ಸೇವೆಗಳ ಗುರಿ ಊರಿಗೆ ಊರೇ ಕಾಯಿಲೆ ಬೀಳದಂತೆ ತಡೆಯುವುದು. ಇವುಗಳಲ್ಲಿ ಯಾವುದನ್ನು ತೆಗೆದುಕೊಂಡರೂ ಮೂರು ಬೇರೆ ಬೇರೆ ಪಾತ್ರಗಳಿರುತ್ತವೆ. ಮದುವೆ ಮನೆಯ ಅಡುಗೆಯನ್ನೇ ನೋಡಿ. ಭಟ್ಟರು ಬೇಯಿಸುತ್ತಾರೆ, ಉಪ್ಪು ಹುಳಿ ನೋಡಲು ಮನೆಯ ಹಿರಿಯರೊಬ್ಬರು ಒಲೆಯ ಹತ್ತಿರ ಬರುತ್ತಾರೆ, ಪಂಕ್ತಿಯಲ್ಲಿ ಕುಳಿತವರಿಗೆ ಉತ್ತರ ಹೇಳಬೇಕಾದ ಯಜಮಾನ ಇಬ್ಬರನ್ನೂ ವಿಚಾರಿಸುತ್ತಾನೆ. ಭಟ್ಟರೇ ಬೇಯಿಸಿ, ಭಟ್ಟರೇ ರುಚಿ ನೋಡಿ, ‘ಎಲ್ಲ ಸೊಗಸಾಗಿದೆ’ ಎಂದು ಅವರೇ ಪ್ರಮಾಣಪತ್ರ ಕೊಟ್ಟುಕೊಂಡರೆ ಎಲೆಯ ಮುಂದೆ ಕುಳಿತವರಿಗೆ ಭರವಸೆ ಬಾರದು.

ಹಳ್ಳಿಯ ನೀರಿನ ವಿಷಯದಲ್ಲಿ ಸೇವೆ ಕೊಡುವುದು ಗ್ರಾಮ ಪಂಚಾಯಿತಿ. ನೀರಿನ ಗುಣಮಟ್ಟ ನೋಡುವವರು ಪ್ರಯೋಗಾಲಯದವರು ಮತ್ತು ಆರೋಗ್ಯ ಇಲಾಖೆಯ ಸಿಬ್ಬಂದಿ. ಇವರಿಬ್ಬರೂ ಹೇಳಿದ ಕೆಲಸ ಮಾಡಿದರೇ ಎಂದು ವಿಚಾರಿಸಬೇಕಾದವರು ಜನಪ್ರತಿನಿಧಿಗಳು ಮತ್ತು ಸಭೆಯಲ್ಲಿ ಕುಳಿತ ಜನ. ಉಸ್ತುವಾರಿ ಎಂದರೆ ಈ ಮೂರನೆಯ ಕೆಲಸ. ದುರಂತಗಳ ತನಿಖೆ ಸಾಮಾನ್ಯವಾಗಿ ಮೊದಲ ಪಾತ್ರಧಾರಿಯ ಬಳಿಗೇ ಹೋಗಿ ನಿಲ್ಲುತ್ತದೆ. ಮೂರನೆಯ ಕುರ್ಚಿಯಲ್ಲಿ ಯಾರಾದರೂ ಕುಳಿತಿದ್ದರೇ ಎಂದು ನೋಡುವವರು ಕಡಿಮೆ.

ಈ ಅಧಿಕಾರ ಬಂದದ್ದು ಎಲ್ಲಿಂದ

ಸಂವಿಧಾನದ ಪ್ರಕಾರ ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯ ರಾಜ್ಯಪಟ್ಟಿಯ ವಿಷಯಗಳು. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿಯನ್ನು ಹನ್ನೊಂದನೇ ಅನುಸೂಚಿಯಲ್ಲಿ ಸೇರಿಸಿತು. ಕುಡಿಯುವ ನೀರು, ಆರೋಗ್ಯ ಮತ್ತು ನೈರ್ಮಲ್ಯ ಅದರಲ್ಲಿವೆ. 74ನೇ ತಿದ್ದುಪಡಿ ನಗರಗಳಿಗೆ ಇಂಥದ್ದೇ 18 ವಿಷಯಗಳ ಹನ್ನೆರಡನೇ ಅನುಸೂಚಿಯನ್ನು ತಂದಿತು. ‘ವಹಿಸಬಹುದಾದ’ ಎಂಬುದನ್ನು ಗಮನಿಸಬೇಕು. ಎಷ್ಟು ವಹಿಸಬೇಕು ಎನ್ನುವುದನ್ನು ಆಯಾ ರಾಜ್ಯದ ಶಾಸನಸಭೆ ತೀರ್ಮಾನಿಸುತ್ತದೆ. ಹಾಗಾಗಿ ಒಂದು ರಾಜ್ಯದ ಪಂಚಾಯಿತಿಗೆ ಇರುವ ಅಧಿಕಾರ ಪಕ್ಕದ ರಾಜ್ಯದಲ್ಲಿ ಇರಲೇಬೇಕೆಂದಿಲ್ಲ.

ಕರ್ನಾಟಕದಲ್ಲಿ ಈ ಕಥೆ ಸ್ವಲ್ಪ ಮೊದಲೇ ಶುರುವಾಗುತ್ತದೆ. 1983ರ ಕಾಯ್ದೆಯ ಅಡಿಯಲ್ಲಿ 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳು ರಚನೆಯಾದವು. ಅದರ ಹಿಂದಿದ್ದವರು ಅಂದಿನ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎಂದು ಹೆಸರಾದವರು. ಜಿಲ್ಲಾ ಪರಿಷತ್ತಿನ ದಿನಗಳಲ್ಲಿ ಆಸ್ಪತ್ರೆಯ ವೈದ್ಯರ, ಶಾಲೆಯ ಮೇಷ್ಟರ ಹಾಜರಾತಿ ಸುಧಾರಿಸಿದ್ದನ್ನು ಅಧ್ಯಯನಕಾರರು ಗುರುತಿಸಿದ್ದಾರೆ. ಕಾರಣ ಸರಳ. ಪ್ರಶ್ನಿಸುವವನು ಬೆಂಗಳೂರಿನಲ್ಲಿ ಇರಲಿಲ್ಲ, ಅದೇ ರಸ್ತೆಯಲ್ಲಿ ಓಡಾಡುವವನಾಗಿದ್ದ.

ಈಗ ಜಾರಿಯಲ್ಲಿರುವುದು 1993ರ ಕಾಯ್ದೆ, ತಿದ್ದುಪಡಿಯ ನಂತರದ ಹೆಸರು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ. ಕುಡಿಯುವ ನೀರಿನ ವ್ಯವಸ್ಥೆಯ ನಿರ್ವಹಣೆ, ಚರಂಡಿ, ನೈರ್ಮಲ್ಯ ಇವು ಇದರಡಿ ಗ್ರಾಮ ಪಂಚಾಯಿತಿಯ ಹೊಣೆ.

ಒಂದು ನಲ್ಲಿಯ ಹಿಂದೆ

ಹಳ್ಳಿಗೆ ನೀರು ಬರುವ ದಾರಿಯನ್ನು ಒಮ್ಮೆ ಹಿಂಬಾಲಿಸೋಣ. ಕೊಳವೆಬಾವಿಯಿಂದಲೋ ಬಹುಗ್ರಾಮ ಯೋಜನೆಯ ಪೈಪಿನಿಂದಲೋ ಬಂದ ನೀರು ಓವರ್‌ಹೆಡ್ ಟ್ಯಾಂಕ್ ಸೇರುತ್ತದೆ. ಅಲ್ಲಿಂದ ವಾಲ್ವ್ ತಿರುಗಿಸಿ ಬೀದಿ ಬೀದಿಗೆ ಬಿಡುವವರು ನೀರುಗಂಟಿ. ಎಷ್ಟೋ ಊರುಗಳಲ್ಲಿ ಇವರನ್ನು ವಾಟರ್‌ಮನ್ ಎಂದೇ ಕರೆಯುತ್ತಾರೆ. ಇವರು ಪಂಚಾಯಿತಿಯ ನೌಕರರು. ಇವರ ಮೇಲೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ. ಹಳ್ಳಿಯ ಪ್ರತಿ ಮನೆಗೆ ನಲ್ಲಿ ನೀರು ಕೊಡಲು 2019ರಲ್ಲಿ ಆರಂಭವಾದ ಕೇಂದ್ರದ ಯೋಜನೆ ಜಲ ಜೀವನ್ ಮಿಷನ್ ಕರ್ನಾಟಕದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ನಡೆಯಿತು. ಇದರ ಪೈಪು, ಟ್ಯಾಂಕುಗಳನ್ನು ಕಟ್ಟಿಸುವುದು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಎಂಜಿನಿಯರ್‌ಗಳು. ಕಟ್ಟಿ ಮುಗಿದ ಮೇಲೆ ನಿರ್ವಹಣೆ ಪಂಚಾಯಿತಿಗೆ ಹಸ್ತಾಂತರವಾಗಬೇಕು. ಕಾಮಗಾರಿ ಕಾಗದದಲ್ಲಿ ಮುಗಿದು ಹಸ್ತಾಂತರ ಆಗದೆ ಉಳಿದ ಅವಧಿಯಲ್ಲಿ ಪೈಪ್ ಒಡೆದರೆ ಮೇಲೆ ಹೇಳಿದ ಬೆರಳು ತೋರಿಸುವ ಆಟ ಶುರುವಾಗುತ್ತದೆ.

ನೀರು ಕೆಡುವುದು ಬಹಳ ಸಲ ಟ್ಯಾಂಕಿನಲ್ಲಿ ಅಲ್ಲ, ದಾರಿಯಲ್ಲಿ. ದಿನಕ್ಕೆ ಒಂದೆರಡು ಗಂಟೆ, ಕೆಲವೆಡೆ ಎರಡು ದಿನಕ್ಕೊಮ್ಮೆ ನೀರು ಬಿಡುವ ಊರುಗಳಲ್ಲಿ ಉಳಿದ ಹೊತ್ತು ಪೈಪು ಖಾಲಿ ಇರುತ್ತದೆ. ಒತ್ತಡ ಇಳಿದಾಗ ಒಡಕುಗಳ ಮೂಲಕ ಹೊರಗಿನ ಕೊಳಚೆ ಒಳಕ್ಕೆ ಸೇರುತ್ತದೆ. ಪೈಪು ಚರಂಡಿಯ ಒಳಗೇ ಹಾದು ಹೋಗಿದ್ದರೆ ಹೇಳುವುದೇ ಬೇಡ. ನೀರು ಮೇಲೇರುವುದಿಲ್ಲವೆಂದು ಮನೆ ಮುಂದೆ ಗುಂಡಿ ತೋಡಿ ಅದರೊಳಗೆ ನಲ್ಲಿ ಇಟ್ಟುಕೊಂಡಿರುವುದನ್ನು ಉತ್ತರ, ದಕ್ಷಿಣ ಎನ್ನದೆ ರಾಜ್ಯದ ಎಲ್ಲ ಕಡೆ ನೋಡಬಹುದು. ಮಳೆ ಬಂದ ದಿನ ಆ ಗುಂಡಿಯಲ್ಲಿ ನಿಂತ ನೀರು ನಲ್ಲಿಯ ಬಾಯಿಗೇ ಬರುತ್ತದೆ. ಮುಂಗಾರಿನಲ್ಲಿ ಈ ಸುದ್ದಿಗಳು ಹೆಚ್ಚುವುದು ಇದಕ್ಕೇ.

ಇದಕ್ಕೆ ತಡೆಯೆಂದರೆ ಕ್ಲೋರಿನ್. ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಬೆರೆಸಿ ಕನಿಷ್ಠ ಅರ್ಧ ಗಂಟೆ ಬಿಟ್ಟರೆ ಭೇದಿ, ಕಾಲರಾ ತರುವ ರೋಗಾಣುಗಳು ಸಾಯುತ್ತವೆ. ತಿಳಿಯಾದ ನೀರಿಗೆ ಸಾಮಾನ್ಯ ಲೆಕ್ಕ 1,000 ಲೀಟರಿಗೆ ಸುಮಾರು 2.5 ಗ್ರಾಂ ಪುಡಿ. ಆದರೆ ಹಾಕಿದ ಪ್ರಮಾಣಕ್ಕಿಂತ ಮುಖ್ಯವಾದದ್ದು ಕೊನೆಯ ಮನೆಯ ನಲ್ಲಿಯಲ್ಲಿ ಎಷ್ಟು ಉಳಿದಿದೆ ಎಂಬುದು. ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಹಾಗೆ ಉಳಿದ ಅಂಶವೇ ದಾರಿಯಲ್ಲಿ ಸೇರುವ ಕೊಳೆಯ ವಿರುದ್ಧ ಕಾವಲು. ತೆರೆದ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟ ಬ್ಲೀಚಿಂಗ್ ಪುಡಿಯ ಸತ್ವ ಹಾರಿಹೋಗಿರುತ್ತದೆ. ಅದನ್ನು ಎಷ್ಟು ಸುರಿದರೂ ಪ್ರಯೋಜನ ಅಷ್ಟಕ್ಕಷ್ಟೆ. ಪಂಚಾಯಿತಿ ಕಡತದಲ್ಲಿ ಮಾತ್ರ ‘ಕ್ಲೋರಿನೇಷನ್ ಮಾಡಲಾಗಿದೆ’ ಎಂದೇ ಇರುತ್ತದೆ.

ಕ್ಲೋರಿನ್‌ಗೂ ಮಿತಿಯಿದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಮುಂಡರಗಿ ಕಡೆಯ ಕೊಳವೆಬಾವಿಗಳಲ್ಲಿ ಸಿಗುವ, ಹಲ್ಲು ಮೂಳೆ ಕೆಡಿಸುವ ಫ್ಲೋರೈಡ್ ಅದಕ್ಕೆ ಜಗ್ಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಶುದ್ಧ ಕುಡಿಯುವ ನೀರಿನ ಘಟಕಗಳು ಊರೂರಿಗೆ ಬಂದದ್ದು ಇಂಥ ಪ್ರದೇಶಗಳಿಗೆ ಉತ್ತರವಾಗಿ. ಘಟಕದ ಫಿಲ್ಟರ್ ಕೊನೆಯ ಸಲ ಬದಲಾದದ್ದು ಯಾವಾಗ ಎನ್ನುವುದು ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವವರು ಅಪರೂಪಕ್ಕೂ ಕೇಳದ ಪ್ರಶ್ನೆ.

ಪರೀಕ್ಷೆ ಹೇಗೆ ನಡೆಯುತ್ತದೆ

ಜಲ ಜೀವನ್ ಮಿಷನ್‌ನ ಮಾರ್ಗಸೂಚಿಯಂತೆ ಪ್ರತಿ ನೀರಿನ ಮೂಲವನ್ನು ವರ್ಷಕ್ಕೊಮ್ಮೆ ರಾಸಾಯನಿಕ ಅಂಶಗಳಿಗಾಗಿ, ಮಳೆಗಾಲದ ಮುಂಚೆ ಮತ್ತು ನಂತರ ಎರಡು ಸಲ ಬ್ಯಾಕ್ಟೀರಿಯಾಗಾಗಿ ಪರೀಕ್ಷಿಸಬೇಕು. ಪ್ರತಿ ಹಳ್ಳಿಯಲ್ಲಿ ಐವರಿಗೆ, ಆದಷ್ಟು ಮಹಿಳೆಯರಿಗೇ, ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕು. ಕಿಟ್‌ನಲ್ಲಿ ಒಂದು ಚಿಕ್ಕ ಸೀಸೆ ಇರುತ್ತದೆ. ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಮಲದ ಕಲ್ಮಶ ಸೇರಿರುವ ಶಂಕೆ. ಅದು ಎಚ್ಚರಿಕೆಯ ಗಂಟೆ ಮಾತ್ರ, ಖಚಿತ ಉತ್ತರ ಬೇಕಾದರೆ ತಾಲ್ಲೂಕು ಅಥವಾ ಜಿಲ್ಲಾ ಪ್ರಯೋಗಾಲಯವೇ ಆಗಬೇಕು. 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲಿ ಎಂಬ ಬ್ಯಾಕ್ಟೀರಿಯಾ ಒಂದೂ ಕಾಣಬಾರದು ಎಂಬುದು ನಿಯಮ.

ಇಲ್ಲೊಂದು ಸೂಕ್ಷ್ಮವಿದೆ. ಊರಿನಲ್ಲಿ ವಾಂತಿಭೇದಿ ಶುರುವಾಯಿತು ಎಂದ ಕೂಡಲೇ ಟ್ಯಾಂಕಿಗೆ ಕ್ಲೋರಿನ್ ಸುರಿದು, ಮರುದಿನ ಮಾದರಿ ತೆಗೆದರೆ ವರದಿ ‘ಕುಡಿಯಲು ಯೋಗ್ಯ’ ಎಂದು ಬರುವ ಸಾಧ್ಯತೆಯೇ ಹೆಚ್ಚು. ಕಾಲರಾದಂಥ ರೋಗ ಸೋಂಕು ತಗುಲಿದ ಕೆಲವು ಗಂಟೆಗಳಿಂದ ಐದು ದಿನಗಳ ಒಳಗೆ ಕಾಣಿಸಿಕೊಳ್ಳುತ್ತದೆ. ಕಾಯಿಲೆ ತಂದ ನೀರು ಅಷ್ಟರಲ್ಲಿ ಹರಿದು ಹೋಗಿರುತ್ತದೆ. ಆದ್ದರಿಂದ ಮಾದರಿ ತೆಗೆದ ದಿನ, ಹೊತ್ತು, ಜಾಗ ಮೂರೂ ವರದಿಯಲ್ಲಿರಬೇಕು. ಮಾದರಿಯ ಬಾಟಲಿಯಲ್ಲಿ ಕ್ಲೋರಿನ್ನನ್ನು ನಿಷ್ಕ್ರಿಯಗೊಳಿಸುವ ರಾಸಾಯನಿಕ ಮೊದಲೇ ಹಾಕಿರಬೇಕು, ಐಸ್ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯೊಳಗೆ ಪ್ರಯೋಗಾಲಯ ತಲುಪಿಸಬೇಕು. ಬಿಸಿಲಿನಲ್ಲಿ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಪಯಣಿಸಿದ ಬಾಟಲಿಯ ವರದಿಯನ್ನು ನಂಬುವುದು ಕಷ್ಟ.

ಕಾಯಿಲೆ ಹರಡುತ್ತಿದೆ ಎಂದು ಮೊದಲು ಯಾರಿಗೆ ಗೊತ್ತಾಗುತ್ತದೆ

ಕ್ರಮವಾಗಿ ನಡೆದರೆ ಆಶಾ ಕಾರ್ಯಕರ್ತೆಗೆ. 2004ರಿಂದ ದೇಶದಲ್ಲಿ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆ ಇದೆ. ಕ್ಷೇತ್ರದ ಆರೋಗ್ಯ ಸಿಬ್ಬಂದಿ ಲಕ್ಷಣ ನೋಡಿ ಕೊಡುವ ‘ಶಂಕಿತ’ ವರದಿ ಒಂದು, ವೈದ್ಯರು ತಪಾಸಣೆ ಮಾಡಿ ಕೊಡುವ ‘ಸಂಭವನೀಯ’ ವರದಿ ಇನ್ನೊಂದು, ಪ್ರಯೋಗಾಲಯ ಕೊಡುವ ‘ದೃಢಪಟ್ಟ’ ವರದಿ ಮತ್ತೊಂದು. ಈಗ ಇವು ಆನ್‌ಲೈನ್ ವೇದಿಕೆಯ ಮೂಲಕ ಜಿಲ್ಲಾ ಸರ್ವೇಕ್ಷಣಾಧಿಕಾರಿಗೆ ತಲುಪುತ್ತವೆ. ಒಂದೇ ಬೀದಿಯಿಂದ ಒಂದೇ ವಾರದಲ್ಲಿ ಭೇದಿ ಪ್ರಕರಣಗಳು ಏರಿದರೆ ಅಲ್ಲಿ ಅಲಾರಂ ಹೊಡೆಯಬೇಕು. ತೊಡಕೆಂದರೆ ಹಳ್ಳಿಯ ಜನ ಮೊದಲು ಹೋಗುವುದು ಪಕ್ಕದ ಹೋಬಳಿಯ ಖಾಸಗಿ ಕ್ಲಿನಿಕ್‌ಗೆ, ಅಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಮನೆಗೆ ಬರುತ್ತಾರೆ. ಆ ಲೆಕ್ಕ ಹಲವೊಮ್ಮೆ ಸರ್ಕಾರದ ಕಡತಕ್ಕೆ ಸೇರುವುದೇ ಇಲ್ಲ.

ಇನ್ನೊಂದು ತೊಡಕು ಆಡಳಿತದ್ದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ತಾಲ್ಲೂಕು ಆರೋಗ್ಯಾಧಿಕಾರಿಗೆ, ಅವರು ಜಿಲ್ಲಾ ಆರೋಗ್ಯಾಧಿಕಾರಿಗೆ ಉತ್ತರ ಹೇಳುತ್ತಾರೆ. ಪಿಡಿಒ ಉತ್ತರ ಹೇಳುವುದು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ. ಎರಡು ಸಾಲುಗಳು ಮೇಲೆ ಹೋಗಿ ಸೇರುವುದು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ ಮೇಜಿನ ಮೇಲೆ. ಕೆಳಗೆ ಅವೆರಡನ್ನೂ ಕೂಡಿಸಲೆಂದೇ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂಬುದಿದೆ. ಪಂಚಾಯಿತಿ ಸದಸ್ಯರು, ಆಶಾ, ಅಂಗನವಾಡಿ ಕಾರ್ಯಕರ್ತೆ, ಊರಿನ ಮಹಿಳೆಯರು ಇದರಲ್ಲಿರುತ್ತಾರೆ, ವರ್ಷಕ್ಕೆ 10,000 ರೂಪಾಯಿಯ ಮುಕ್ತ ನಿಧಿಯೂ ಉಂಟು. ಇಂಥ ಸಮಿತಿಯೊಂದು ತಮ್ಮೂರಿನಲ್ಲಿದೆ ಎಂಬುದು ಬಹುಪಾಲು ಜನರಿಗೆ ಗೊತ್ತಿಲ್ಲ.

ನಗರದ ಲೆಕ್ಕ ಬೇರೆ

ಪುರಸಭೆ, ನಗರಸಭೆಗಳು 1964ರ ಕಾಯ್ದೆಯಡಿ, ಮಹಾನಗರ ಪಾಲಿಕೆಗಳು 1976ರ ಕಾಯ್ದೆಯಡಿ ನಡೆಯುತ್ತವೆ. ಇಲ್ಲಿ ಪರಿಸರ ಎಂಜಿನಿಯರ್, ಆರೋಗ್ಯ ನಿರೀಕ್ಷಕರು, ಪೌರಕಾರ್ಮಿಕರು ಒಂದೇ ಸಂಸ್ಥೆಯ ಸಿಬ್ಬಂದಿ. ಪಾಲಿಕೆಯಲ್ಲಿ ಸಾರ್ವಜನಿಕ ಆರೋಗ್ಯಕ್ಕೆಂದೇ ಚುನಾಯಿತರ ಸ್ಥಾಯಿ ಸಮಿತಿಯೂ ಇರುತ್ತದೆ. ಬೆಂಗಳೂರು ಮಾತ್ರ ಎಲ್ಲದರಂತೆ ಇದರಲ್ಲೂ ವಿಶೇಷ: ನೀರು ಮತ್ತು ಒಳಚರಂಡಿ ಜಲಮಂಡಳಿಯದು, ಮಳೆನೀರು ಚರಂಡಿ ಮತ್ತು ಕಸ ಅದರದಲ್ಲ. ಒಳಚರಂಡಿ ಉಕ್ಕಿ ರಸ್ತೆಯ ಚರಂಡಿಗೆ ಹರಿದರೆ ದೂರು ಎಲ್ಲಿಗೆ ಎಂಬ ಗೊಂದಲಕ್ಕೆ ಇದೇ ಮೂಲ.

ಬೀದಿಬದಿಯ ಒಂದು ಹೋಟೆಲನ್ನು ನೋಡಿದರೂ ಇಂಥ ಹಂಚಿಕೆ ಕಾಣುತ್ತದೆ. ಉದ್ದಿಮೆ ಪರವಾನಗಿ ಸ್ಥಳೀಯ ಸಂಸ್ಥೆಯದು, ಆಹಾರದ ಗುಣಮಟ್ಟ 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ಜಿಲ್ಲೆಯ ಅಂಕಿತಾಧಿಕಾರಿಯದು. ಖಾಸಗಿ ಕ್ಲಿನಿಕ್‌ಗಳ ನೋಂದಣಿ ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರದ್ದಾದರೆ, ಅವುಗಳ ಸೂಜಿ, ಬ್ಯಾಂಡೇಜ್ ತ್ಯಾಜ್ಯದ ಮೇಲೆ ಕಣ್ಣಿಡುವುದು ಮಾಲಿನ್ಯ ನಿಯಂತ್ರಣ ಮಂಡಳಿ.

ಸೊಳ್ಳೆಯ ವಿಷಯಕ್ಕೆ 2024ರಲ್ಲಿ ಕಾನೂನಿನ ಬಲ ಬಂದಿತು. ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಲಾರ್ವಾ ಬೆಳೆಯಲು ಬಿಟ್ಟವರಿಗೆ ದಂಡ ನಿಗದಿ ಮಾಡಿತು. ನಗರದ ಮನೆಗಳಿಗೆ 400, ಹಳ್ಳಿಯ ಮನೆಗಳಿಗೆ 200 ರೂಪಾಯಿ. ವಾಣಿಜ್ಯ ಸ್ಥಳಗಳಿಗೆ 1,000 ಮತ್ತು 500. ಕಟ್ಟಡ ಕಾಮಗಾರಿ ನಡೆಯುವ ಜಾಗ, ಖಾಲಿ ನಿವೇಶನಗಳಿಗೆ 2,000 ಮತ್ತು 1,000. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ನಿಂತ ತಿಳಿನೀರೇ ಇಷ್ಟ, ಹಾಗಾಗಿ ಮನೆಯ ತೊಟ್ಟಿ, ಟೈರು, ಎಳನೀರು ಬುರುಡೆಯವರೆಗೂ ತಪಾಸಣೆ ಬರುತ್ತದೆ. ಸರ್ಕಾರಿ ಕಚೇರಿಯ ಹಿತ್ತಲಿನಲ್ಲಿ ಲಾರ್ವಾ ಕಂಡರೆ ದಂಡದ ರಸೀದಿ ಬರೆಯುವವರು ಯಾರು ಎಂದು ಕೇಳಿದರೆ ಉಸ್ತುವಾರಿಯ ಪ್ರಶ್ನೆಗೇ ಮರಳಿ ಬಂದಂತಾಗುತ್ತದೆ.

ಖಾಲಿ ಉಳಿದ ಕುರ್ಚಿ

ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲಾ ಪಂಚಾಯಿತಿಯಲ್ಲಿ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಇರಬೇಕು. ಯಾವ ಆಸ್ಪತ್ರೆಯಲ್ಲಿ ವೈದ್ಯರಿಲ್ಲ, ಎಲ್ಲಿ ಔಷಧ ಮುಗಿದಿದೆ, ಯಾವ ಊರಿನ ನೀರಿನ ವರದಿ ಕೆಟ್ಟದಾಗಿದೆ ಎಂದು ಅಧಿಕಾರಿಗಳನ್ನು ಎದುರು ಕೂರಿಸಿಕೊಂಡು ಕೇಳುವ ಜಾಗ ಅದು. ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ, ಆಡಳಿತಾಧಿಕಾರಿಗಳು ನಡೆಸಿಕೊಂಡು ಹೋದರು. ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಕೌನ್ಸಿಲ್‌ನ ಅವಧಿಯೂ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರಲ್ಲಿ ಪಾಲಿಕೆಯನ್ನೇ ಐದಾಗಿ ಒಡೆದು ಗ್ರೇಟರ್ ಬೆಂಗಳೂರು ಪ್ರಾಧಿಕಾರ ರಚಿಸುವವರೆಗೂ ಕೌನ್ಸಿಲ್ ಸಭೆ ಸೇರಲಿಲ್ಲ.

ಹಾಗೆಂದು ಪರಿಶೀಲನೆಯೇ ನಿಂತಿತು ಎನ್ನಲಾಗದು. ಜಿಲ್ಲಾ ಉಸ್ತುವಾರಿ ಸಚಿವರ ಅಧ್ಯಕ್ಷತೆಯ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಪರಿಶೀಲನಾ ಸಭೆಗಳಲ್ಲಿ ಆರೋಗ್ಯ, ನೀರು ಎರಡೂ ಚರ್ಚೆಗೆ ಬರುತ್ತವೆ. ಆದರೆ ಕೃಷಿಯಿಂದ ಲೋಕೋಪಯೋಗಿವರೆಗೆ ಎಲ್ಲ ಇಲಾಖೆಗಳೂ ಒಂದೇ ದಿನ ಸಾಲಾಗಿ ನಿಲ್ಲುವ ಸಭೆಯಲ್ಲಿ ಒಂದು ಹಟ್ಟಿಯ ವಾಲ್ವ್ ಗುಂಡಿಯ ಮಾತು ಬರುವುದು ಅಲ್ಲಿ ಏನಾದರೂ ಅನಾಹುತ ಆದ ಮೇಲೆಯೇ. ಆ ಗುಂಡಿಯ ಪಕ್ಕದಲ್ಲೇ ಮತ ಕೇಳಬೇಕಾದ ಜಿಲ್ಲಾ ಪಂಚಾಯಿತಿ ಸದಸ್ಯನಿಗೆ ಮೊದಲೇ ಗೊತ್ತಿರುತ್ತಿತ್ತು.

ಊರಿನವರು ಏನು ಕೇಳಬಹುದು

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ‘ನೀರು ಸರಿಯಿಲ್ಲ’ ಎಂದು ಕೂಗಿದರೆ ‘ಸರಿಪಡಿಸುತ್ತೇವೆ’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಟ್ಯಾಂಕ್ ತೊಳೆದ ದಿನಾಂಕ ಯಾವುದು, ಅದನ್ನು ಟ್ಯಾಂಕಿನ ಮೇಲೆ ಬರೆಸಿದ್ದೀರಾ, ಕೊನೆಯ ಮನೆಯ ನಲ್ಲಿಯಲ್ಲಿ ಕ್ಲೋರಿನ್ ಎಷ್ಟು ಕಂಡಿತು, ಮಳೆಗಾಲದ ಮುಂಚಿನ ಪರೀಕ್ಷಾ ವರದಿ ಎಲ್ಲಿ ಎಂದು ಕೇಳಿ ಉತ್ತರವನ್ನು ನಡಾವಳಿಯಲ್ಲಿ ಬರೆಸಿದರೆ ಅದು ದಾಖಲೆಯಾಗುತ್ತದೆ. ಹಣವಿಲ್ಲ ಎಂಬ ಮಾತು ಬಂದರೆ 15ನೇ ಹಣಕಾಸು ಆಯೋಗದ ಲೆಕ್ಕ ಕೇಳಬಹುದು. 2021ರಿಂದ 2026ರ ಅವಧಿಗೆ ಪಂಚಾಯಿತಿಗಳಿಗೆ ಬಂದ ಆ ಅನುದಾನದಲ್ಲಿ ಶೇ 60ರಷ್ಟು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಹಿಂದಿನ ವರ್ಷದ ಖರ್ಚಿನ ಕಡತಗಳನ್ನು ಜನರ ಮುಂದಿಡುವ ಜಮಾಬಂದಿ ಪ್ರತಿವರ್ಷ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ ನಡೆಯುತ್ತದೆ. ಬ್ಲೀಚಿಂಗ್ ಪುಡಿಯ ಬಿಲ್ಲು ನೋಡಲು ಅದಕ್ಕಿಂತ ಒಳ್ಳೆಯ ದಿನವಿಲ್ಲ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ ಇದೆ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಹಾಗಾಗಿ ಕ್ಲೋರಿನ್ ದಾಖಲೆಗೆ ಒಂದು, ಪ್ರಯೋಗಾಲಯದ ವರದಿಗೆ ಇನ್ನೊಂದು ಅರ್ಜಿ ಹಾಕುವುದು ಜಾಣತನ. ಮಾಹಿತಿ ಕೊಡಲು ಇರುವ ಗಡುವು 30 ದಿನ. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಯೊಳಗೆ ಕೊಡಬೇಕು ಎಂದು ಅದೇ ಕಾಯ್ದೆಯ 7ನೇ ಸೆಕ್ಷನ್ ಹೇಳುತ್ತದೆ. ನೀರು ಕುಡಿದು ಜನ ಆಸ್ಪತ್ರೆ ಸೇರಿರುವ ಊರಿನಿಂದ ಅರ್ಜಿ ಹಾಕುವವರು ಈ ಸೆಕ್ಷನ್ನನ್ನು ಮೊದಲ ಸಾಲಿನಲ್ಲೇ ಉಲ್ಲೇಖಿಸಬಹುದು.